ಮರ್ಜ್ ಮಾಡುವಾಗ ಗಿಟ್ ನಿಂತರೆ

ಕೇಳುಗರೇ, ನಮಸ್ಕಾರ.

ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಸೇರಿದವರು ಜಾಸ್ತಿ ಹೆದರುವುದು ಮರ್ಜ್ ಕಾನ್‌ಫ್ಲಿಕ್ಟ್‌ಗೆ. ಗಿಟ್ ಅಂದರೆ ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ. ಅದರಲ್ಲಿ ಎರಡು ಬ್ರಾಂಚ್, ಅಂದರೆ ಒಂದೇ ಕೋಡ್‌ನ ಎರಡು ಕವಲು, ಸೇರಿಸುವುದೇ ಮರ್ಜ್. ಆಗ ಇಬ್ಬರ ತಿದ್ದುಪಡಿ ಡಿಕ್ಕಿಯಾದರೆ ಗಿಟ್ ಅರ್ಧದಲ್ಲೇ ನಿಂತುಬಿಡುತ್ತದೆ. ಹೆದರಬೇಡಿ, ಏನೂ ಕೆಟ್ಟಿಲ್ಲ. ಗಾಬರಿಯಾದರೆ ಗಿಟ್ ಮರ್ಜ್ ಅಬಾರ್ಟ್ ಅನ್ನುವ ಕಮಾಂಡ್ ಕೊಡಿ, ಶುರುವಿಗೇ ವಾಪಸ್ ಬರುತ್ತೀರಿ.

ಮರ್ಜ್ ಮಾಡುವಾಗ ಗಿಟ್ ಮೂರು ಪ್ರತಿ ನೋಡುತ್ತದೆ. ನಿಮ್ಮದು, ಅವರದು ಅಂದರೆ ಇನ್ನೊಂದು ಬ್ರಾಂಚಿನವರದು, ಇಬ್ಬರೂ ಬೇರೆಯಾಗುವ ಮುಂಚೆ ಇದ್ದ ಹಳೆಯದು. ಒಂದು ಸಾಲನ್ನು ಒಬ್ಬರೇ ತಿದ್ದಿದ್ದರೆ ತಾನೇ ಸೇರಿಸುತ್ತದೆ. ಇಬ್ಬರೂ ಬೇರೆ ಬೇರೆ ಥರ ತಿದ್ದಿದ್ದರೆ, ಯಾವುದು ಬೇಕು ಅಂತ ನಿಮ್ಮನ್ನೇ ಕೇಳುತ್ತದೆ.

ತಮಾಷೆ ಏನು ಗೊತ್ತಾ? ಆ ಹಳೆಯ ಪ್ರತಿಯನ್ನು ಗಿಟ್ ತಾನು ನೋಡುತ್ತದೆ, ನಮಗೆ ತೋರಿಸುವುದಿಲ್ಲ. ಫೈಲ್‌ನಲ್ಲಿ ಗುರುತು ಹಾಕಿ ಎರಡು ತುಂಡು ಮಾತ್ರ ಇಡುತ್ತದೆ. ಉದಾಹರಣೆಗೆ, ನಿಮ್ಮ ತುಂಡಿನಲ್ಲಿ ತೆರಿಗೆ ದರ 18 ಅಂತಿದೆ. ಅವರ ತುಂಡಿನಲ್ಲಿ ಲೆಕ್ಕವೆಲ್ಲ ಹೊಸ ಫಂಕ್ಷನ್‌ಗೆ ಹೋಗಿದೆ, ದರ ಮಾತ್ರ 12. ಯಾವುದು ಸರಿ? ಕಾನ್‌ಫ್ಲಿಕ್ಟ್ ಸ್ಟೈಲ್ ಅನ್ನುವ ಸೆಟ್ಟಿಂಗ್‌ಗೆ ಡಿಫ್3 ಅಂತ ಕೊಟ್ಟು ನೋಡಿ. ಮೂಲದಲ್ಲೂ 12 ಇದ್ದದ್ದು ಮಧ್ಯದಲ್ಲಿ ಕಾಣುತ್ತದೆ. ಅಂದರೆ ಅವರು ದರ ಮುಟ್ಟಿಲ್ಲ, ಜಾಗ ಬದಲಿಸಿದ್ದಾರೆ ಅಷ್ಟೆ. ನೀವು ದರ ಬದಲಿಸಿದ್ದೀರಿ. ಉತ್ತರ ಎರಡು ತುಂಡಿನಲ್ಲೂ ಇಲ್ಲ: ಹೊಸ ಫಂಕ್ಷನ್, ಒಳಗೆ 18. ಎಡಿಟರ್‌ನಲ್ಲಿರುವ 'ಎರಡನ್ನೂ ಇಟ್ಟುಕೋ' ಬಟನ್ ಒತ್ತುವವರನ್ನು ಕಂಡರೆ ನನಗೆ ಭಯ!

ಒಂದು ಎಚ್ಚರ. ರೀಬೇಸ್ ಮಾಡುವಾಗ, ಅಂದರೆ ನಿಮ್ಮ ತಿದ್ದುಪಡಿಗಳನ್ನು ಇನ್ನೊಂದು ಬ್ರಾಂಚಿನ ತುದಿಗೆ ಮತ್ತೆ ಜೋಡಿಸುವಾಗ, ಗಿಟ್ ಹೇಳುವ 'ನಮ್ಮದು', 'ಅವರದು' ಅದಲುಬದಲಾಗುತ್ತವೆ. ಅಲ್ಲಿ ನಿಮ್ಮ ಕೆಲಸವೇ 'ಅವರದು'.

ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ ಅಂತ ಗಿಟ್ ಮರ್ಜ್ ಶುರುವೇ ಮಾಡದಿದ್ದರೆ, ಮೊದಲು ಕಮಿಟ್ ಮಾಡಿ ದಾಖಲಿಸಿ, ಇಲ್ಲವೇ ಸ್ಟ್ಯಾಶ್ ಮಾಡಿ ತಾತ್ಕಾಲಿಕವಾಗಿ ಪಕ್ಕಕ್ಕಿಡಿ. ಎರಡು ಬ್ರಾಂಚ್‌ಗಳ ಇತಿಹಾಸಕ್ಕೂ ಸಂಬಂಧವೇ ಇಲ್ಲ ಅಂದರೆ, 2016ರ 2.9ನೇ ಆವೃತ್ತಿಯಿಂದ ಅದು ಸುಮ್ನೆ ಸೇರಿಸುವುದಿಲ್ಲ. ಒತ್ತಾಯ ಮಾಡುವ ಆಪ್ಷನ್ ಇದೆ ನಿಜ. ಅದಕ್ಕೂ ಮುಂಚೆ ಸರಿಯಾದ ರೆಪೊಸಿಟರಿಯಲ್ಲೇ, ಅಂದರೆ ಸರಿಯಾದ ಪ್ರಾಜೆಕ್ಟ್‌ನ ಕೋಡ್ ಸಂಗ್ರಹದಲ್ಲೇ, ಇದ್ದೀರಾ, ನೋಡಿಕೊಳ್ಳಿ.

ನನ್ನ ಪ್ರಕಾರ ನಿಜವಾದ ಕಷ್ಟ ಗಿಟ್ ನಿಲ್ಲದೇ ಇದ್ದಾಗ ಬರುತ್ತದೆ. ನೀವು ಒಂದು ಫಂಕ್ಷನ್ ಹೆಸರು ಬದಲಿಸಿದಿರಿ. ಅದೇ ಹೊತ್ತಿಗೆ ಗೆಳೆಯರು ಬೇರೆ ಫೈಲ್‌ನಲ್ಲಿ ಹಳೆಯ ಹೆಸರಿನಿಂದಲೇ ಅದನ್ನು ಕರೆದರು. ಸಾಲುಗಳು ಬೇರೆ ಬೇರೆ, ಹಾಗಾಗಿ ಮರ್ಜ್ ಸಲೀಸಾಗಿ ಆಗುತ್ತದೆ. ಪೈಥಾನ್‌ನಂಥ ಭಾಷೆಯಲ್ಲಿ ಆ ಸಾಲು ಓಡುವವರೆಗೂ ತಪ್ಪು ಗೊತ್ತಾಗದೇ ಇರಬಹುದು. ಅದಕ್ಕೇ ಮರ್ಜ್ ಆದ ಮೇಲೆ ಟೆಸ್ಟ್‌ಗಳನ್ನೆಲ್ಲ ಓಡಿಸಿ, ಆಮೇಲೆ ಪುಶ್ ಮಾಡಿ ಉಳಿದವರ ಜೊತೆ ಹಂಚಿಕೊಳ್ಳಿ.

ನಮಸ್ಕಾರ.