ಎಟಿವಿಗೆ ಬೆಂಕಿ ಬೀಳುವುದು ಎಲ್ಲಿಂದ?

ಕೇಳುಗರಿಗೆಲ್ಲ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟಗಳಲ್ಲಿ, ಹೋಂಸ್ಟೇಗಳಲ್ಲಿ ಈಗ ದಪ್ಪ ಟೈರಿನ, ನಾಲ್ಕು ಚಕ್ರದ ಗಾಡಿ ಓಡಾಡುತ್ತಿದೆ. ಎಟಿವಿ ಅಂತಾರೆ. ಗೊಬ್ಬರದ ಚೀಲ ಹೊರುತ್ತದೆ, ಅಡಿಕೆ ಕೊನೆ ತರುತ್ತದೆ, ಬೆಂಗಳೂರಿನಿಂದ ಬಂದವರನ್ನು ಗುಡ್ಡ ಹತ್ತಿಸುತ್ತದೆ. ಒಳ್ಳೆ ಗಾಡಿ, ನನಗೂ ಇಷ್ಟ. ಆದರೆ ಬೇಸಿಗೆಯಲ್ಲಿ ಇದಕ್ಕೆ ಬೆಂಕಿ ಬೀಳುತ್ತದೆ.

ನಾನು ಇವತ್ತು ಹೇಳುವುದು ಒಂದೇ ಮಾತು. ಗಾಡಿ ನಿಲ್ಲಿಸಿದ ಮೇಲೆ ಬಗ್ಗಿ ಅಡಿ ನೋಡಿ. ಒಣಗಿದ ಹುಲ್ಲು, ದರಗು ಏನಿದ್ದರೂ ಕೋಲಿನಿಂದ ಎಳೆದು ಹಾಕಿ. ಕೈ ಹಾಕಬೇಡಿ, ಸುಡುತ್ತದೆ.

ಯಾಕೆ ಅಂದರೆ, ಎಂಜಿನ್ ಪಕ್ಕದ ಸೈಲೆನ್ಸರ್ ಪೈಪು 300 ಡಿಗ್ರಿ ದಾಟುವುದು ಸುಲಭ. ಒಣಹುಲ್ಲು ಹೊತ್ತಿಕೊಳ್ಳಲು ಅಷ್ಟು ಸಾಕು. ಓಡುವಾಗ ಗಾಳಿ ತಾಗಿ ಒಂದಿಷ್ಟು ತಣ್ಣಗಾಗುತ್ತದೆ. ನಿಂತ ಕೂಡಲೇ ಆ ಗಾಳಿಯೂ ಇಲ್ಲ. ಎಂಜಿನ್ ಆಫ್ ಮಾಡಿದ ಮೇಲೂ ಸುತ್ತಲಿನ ಬಿಸಿ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ. ಬಚ್ಚಲ ಒಲೆಯ ಕೊಳ್ಳಿ ಎಳೆದರೂ ಹಂಡೆ ಸುಡುತ್ತಿರುತ್ತದಲ್ಲ, ಹಾಗೆ.

ಹೊಸನಗರ ಕಡೆಯ ಒಂದು ಹೋಂಸ್ಟೇ. ಮಾರ್ಚ್ ತಿಂಗಳು. ಬ್ಯಾಣದ ಒಣಹುಲ್ಲಿನ ಮೇಲೆ ಇಡೀ ದಿನ ಗಾಡಿ ಓಡಿಸಿದ್ದಾರೆ. ಸಂಜೆ ತಂದು ಕೊಟ್ಟಿಗೆಯಲ್ಲಿ, ಹುಲ್ಲು ಪೇರಿಸಿಟ್ಟಲ್ಲೇ ನಿಲ್ಲಿಸಿದ್ದಾರೆ. ಮನೆಯವರು ಕಾಫಿ ಕುಡಿಯುತ್ತಾ ಕೂತಿದ್ದಾರೆ. ಸಗಣಿ ಬಾಚಲು ಬಂದ ಹೆಂಗಸಿಗೆ ಹೊಗೆ ಕಂಡಿತು. ಆಕೆ ಕೂಗಿಕೊಂಡಳು. ಆಳೊಬ್ಬ ಓಡಿ ಬಂದ. ಇಬ್ಬರೂ ಸೇರಿ ಗಾಡಿಯನ್ನು ಹಿಂದಿನಿಂದ ನೂಕಿ ಅಂಗಳಕ್ಕೆ ತಂದರು. ಯಜಮಾನರು ಕೊಡಪಾನ ಹುಡುಕುವ ಹೊತ್ತಿಗೆ ಆಕೆ ಬುಟ್ಟಿಯಲ್ಲಿ ಮಣ್ಣು ತಂದು ಸುರಿದಾಗಿತ್ತು. ಕೊಟ್ಟಿಗೆ ಉಳಿಯಿತು, ದನಗಳೂ ಉಳಿದವು.

ಮರುದಿನ ನನಗೆ ಕರೆ ಬಂತು. ನಾನು ಐಟಿಐ ಹುಡುಗರಿಗೆ ಗಾಡಿ ರಿಪೇರಿ ಕಲಿಸುವವನು. ಯಜಮಾನರು ಸಿಟ್ಟಿನಲ್ಲಿದ್ದರು. "ಮೇಷ್ಟ್ರೇ, ಇದು ಕಂಪನಿಯವರದ್ದೇ ತಪ್ಪು. ಕೇಸು ಹಾಕ್ತೀನಿ" ಅಂದರು. "ಹಾಕಿ ಯಜಮಾನ್ರೇ. ಅದಕ್ಕೆ ಮುಂಚೆ ಅಡಿಯ ತಗಡು ಬಿಚ್ಚಿಸಿ" ಅಂದೆ. ಬಿಚ್ಚಿದರೆ ಅರ್ಧ ಬುಟ್ಟಿ ಕಸ! ಕಪ್ಪಾದ ಹುಲ್ಲು, ಅಕೇಶಿಯಾ ಎಲೆ, ತೆಂಗಿನ ನಾರಿನಲ್ಲಿ ಇಲಿ ಕಟ್ಟಿದ ಗೂಡು, ಅದಕ್ಕೆಲ್ಲ ಜಿನುಗಿದ ಆಯಿಲ್. "ವಾರಕ್ಕೊಮ್ಮೆ ತೊಳೀತೀವಲ್ಲ" ಅಂದರು. ತೊಳೆದಿದ್ದರು, ಮೇಲಿನ ಬಣ್ಣವನ್ನು! ಪೈಪಿನಲ್ಲಿ ಜೋರಾಗಿ ನೀರು ಬಿಟ್ಟರೆ ಕಸ ಇನ್ನೂ ಒಳಗೆ ಸೇರುತ್ತದೆ. ಬಗ್ಗಿ ನೋಡಿ ಸ್ವಾಮಿ, ದುಡ್ಡು ಕೊಡಬೇಕಾಗಿಲ್ಲ.

ಹಾಗಂತ ಕಂಪನಿಗಳ ತಪ್ಪೇ ಇರುವುದಿಲ್ಲ ಅಂತಲ್ಲ. 2016ರಲ್ಲಿ ಅಮೆರಿಕದಲ್ಲಿ ಪೊಲಾರಿಸ್ ಕಂಪನಿ ಇದೇ ಥರದ ಸುಮಾರು 1 ಲಕ್ಷ 33 ಸಾವಿರ ಗಾಡಿಗಳನ್ನು ಬೆಂಕಿಯ ಕಾರಣಕ್ಕೇ ವಾಪಸ್ ಕರೆಸಿತು. ನಿಮ್ಮ ಗಾಡಿ ವಾಪಸ್ ಕರೆದಿದ್ದಾರಾ ಅಂತ ಡೀಲರ್ ಹತ್ತಿರ ಕೇಳಿ. ಆದರೆ ದರಗು ತೆಗೆಯಲು ಕಂಪನಿಯವರು ಹೊಸನಗರಕ್ಕೆ ಬರುವುದಿಲ್ಲ, ಅಲ್ವಾ?

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬಿಸಿ ಎಂಜಿನ್ ಇರುವಾಗ ಪೆಟ್ರೋಲ್ ಹಾಕಬೇಡಿ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದರ ಆವಿ ಕಿಡಿಗೆ ಹೊತ್ತುತ್ತದೆ, ಆಗುಂಬೆಯ ಚಳಿ ಏನು ಲೆಕ್ಕ? ಬೀಡಿ ಸೇದುವವರು ದೂರ ಇರಿ. ಫ್ಯೂಸ್ ಇಲ್ಲದೆ ಹೆಚ್ಚುವರಿ ಲೈಟ್ ಸಿಕ್ಕಿಸಬೇಡಿ. ಇಲಿ ಕಡಿದ ವೈರಿಗೆ ಸುಮ್ನೆ ಟೇಪು ಸುತ್ತಿ ಬಿಡಬೇಡಿ, ಬದಲಾಯಿಸಿ. ಗಾಡಿಯನ್ನು ಬೋಳು ನೆಲದ ಮೇಲೇ ನಿಲ್ಲಿಸಿ.

ಬೆಂಕಿ ಹತ್ತಿದರೆ ಮೊದಲು ಜನ ಇಳಿದು ದೂರ ಹೋಗಲಿ. ಪೆಟ್ರೋಲ್ ಬೆಂಕಿಗೆ ನೀರು ಎರಚಬೇಡಿ, ಬೆಂಕಿ ಹರಡುತ್ತದೆ. ಪುಡಿಯ ಬೆಂಕಿ ಆರಿಸುವ ಸಿಲಿಂಡರ್, 2 ಕೆಜಿಯದ್ದು, ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಕೈ ಮೀರಿದರೆ 112ಕ್ಕೆ ಫೋನ್ ಮಾಡಿ.

ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ರಬ್ಬರ್ ಬೆಲ್ಟೂ ಬಿಸಿಯಾಗಿ ಸುಡುತ್ತದೆ, ಅದರ ವಿಚಾರ ಹೇಳಬೇಕಿತ್ತು, ಒಳಗಿನಿಂದ ಸನ್ನೆ ಮಾಡುತ್ತಿದ್ದಾರೆ. ಭಾರ ಹೊತ್ತು ದಿಬ್ಬ ಹತ್ತುವಾಗ ಲೋ ಗೇರ್ ಹಾಕಿ. ರಬ್ಬರ್ ಸುಟ್ಟ ವಾಸನೆ ಬಂದರೆ ಅಲ್ಲೇ ಗಾಡಿ ನಿಲ್ಲಿಸಿ, ಮನೆ ಹತ್ತಿರ ಬಂತು ಅಂತ ಓಡಿಸಬೇಡಿ. ನಮಸ್ಕಾರ.