ಅತಿಥಿ ಕಲಾವಿದರು ತರಗತಿಗೆ ಬಂದಾಗ

ಕೇಳುಗರಿಗೆ ನಮಸ್ಕಾರ. ಶಾಲೆಗೋ ಕಾಲೇಜಿಗೋ ಅತಿಥಿಯಾಗಿ ಹೋಗಿ ಚಿತ್ರಕಲೆ ಹೇಳಿಕೊಡುವ ಕಲಾವಿದರಿಗೆ ಒಂದು ಆಸೆ ಇರುತ್ತದೆ. ಎಲ್ಲರ ಮುಂದೆ ಸರಸರ ಒಂದು ಚಿತ್ರ ಬಿಡಿಸಿ ತೋರಿಸಿಬಿಡಬೇಕು ಅಂತ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ನೀವು ಹೊರಟ ಮೇಲೆ ಅವರಿಗೆ ಉಳಿಯುವುದೇನು? 'ಇದೆಲ್ಲ ನಮ್ಮ ಕೈಲಿ ಆಗಲ್ಲ' ಅನ್ನುವ ಅಂಜಿಕೆ. ನನ್ನನ್ನು ಕೇಳಿದರೆ, ಕೈಚಳಕ ತೋರಿಸುವುದು ಆಮೇಲಾಗಲಿ. ಮೊದಲು ನೋಡುವುದನ್ನು ಕಲಿಸೋಣ.

ಅದಕ್ಕೆ ಒಂದು ಮಾಮೂಲಿ ಕುರ್ಚಿ ಸಾಕು. ಮೇಜಿನ ಮೇಲೆ ಓರೆಯಾಗಿ ಇಡಿ. 'ಕುರ್ಚಿ ಬಿಡಿಸಿ' ಅಂದರೆ ಎಲ್ಲರೂ ತಮ್ಮ ತಲೆಯಲ್ಲಿರುವ ಕುರ್ಚಿಯನ್ನೇ ಬಿಡಿಸುತ್ತಾರೆ. ನಾಲ್ಕೂ ಕಾಲು ಒಂದೇ ಉದ್ದ, ಕೂರುವ ಹಲಗೆ ನೆಟ್ಟಗೆ ಚೌಕ. ಎದುರಿಗಿರುವುದರ ಕಡೆ ಕಣ್ಣೇ ಹೋಗುವುದಿಲ್ಲ. ಹಾಗಾಗಿ ಕುರ್ಚಿಯನ್ನು ಬಿಟ್ಟುಬಿಡಿ ಅನ್ನಬೇಕು. ಕಾಲುಗಳ ನಡುವೆ, ಬೆನ್ನಿನ ಪಟ್ಟಿಗಳ ನಡುವೆ ಕಾಣುವ ಖಾಲಿ ಜಾಗ ಮಾತ್ರ ಬಿಡಿಸಿ ಅನ್ನಬೇಕು. ಆ ಸಂದಿಗಳಿಗೆ ಹೆಸರಿಲ್ಲ ನೋಡಿ, ತಲೆಯಲ್ಲಿ ಮೊದಲೇ ಕೂತ ಆಕಾರವೂ ಇಲ್ಲ. ಒಂದು ಕಡೆ ಸಣಕಲು ತ್ರಿಕೋನ, ಇನ್ನೊಂದು ಕಡೆ ಸೊಟ್ಟ ಚೌಕ. ವಿಧಿಯಿಲ್ಲದೆ ನೋಡಲೇಬೇಕು. 6ಬಿ ಅನ್ನುವ ಮೆತ್ತನೆಯ, ಕಪ್ಪಾಗಿ ಮೂಡುವ ಪೆನ್ಸಿಲ್ಲಿನಿಂದ ಸಂದಿಗಳನ್ನು ಕಪ್ಪು ಮಾಡುತ್ತಾ ಹೋದರೆ, ಬಿಳಿಯಾಗಿ ಉಳಿದದ್ದೇ ಕುರ್ಚಿ. 'ನಂಗೆ ಡ್ರಾಯಿಂಗ್ ಬರಲ್ಲ' ಅಂತ ಹಿಂದಿನ ಬೆಂಚಿನಲ್ಲಿ ಕೂತವರ ಹಾಳೆಯಲ್ಲೂ ಅದು ಗಟ್ಟಿಯಾಗಿ ನಿಂತಿರುತ್ತದೆ. ರಬ್ಬರ್ ಮಾತ್ರ ಮೊದಲೇ ಎತ್ತಿಟ್ಟುಬಿಡಿ. ಕೈಗೆ ಸಿಕ್ಕರೆ ಪಿರಿಯಡ್ಡೆಲ್ಲ ಅಳಿಸುವುದರಲ್ಲೇ ಹೋಗುತ್ತದೆ.

ಬಣ್ಣದ ಪಾಠವೂ ಹೀಗೇ. ಜರ್ಮನಿಯ ಬೌಹೌಸ್ ಕಲಾಶಾಲೆಯ ಮೇಷ್ಟ್ರು ಯೋಸೆಫ್ ಆಲ್ಬರ್ಸ್, 1933ರಲ್ಲಿ ಆ ಶಾಲೆ ಮುಚ್ಚಿದ ಮೇಲೆ ಅಮೆರಿಕಕ್ಕೆ ಹೋಗಿ ಕಲಿಸಿದರು. ಬಣ್ಣದ ಪಾಠಕ್ಕೆ ಅವರು ಕುಂಚಕ್ಕಿಂತ ಬಣ್ಣದ ಕಾಗದವನ್ನೇ ನೆಚ್ಚಿಕೊಂಡಿದ್ದರು. ಕಲಸುವ ರಗಳೆ ಇಲ್ಲ, ಬಣ್ಣ ಹೆಚ್ಚುಕಮ್ಮಿ ಆಗುವುದೂ ಇಲ್ಲ. ಒಂದೇ ಬೂದು ಹಾಳೆಯಿಂದ ಎರಡು ಚೂರು ಕತ್ತರಿಸಿ. ಒಂದನ್ನು ಕಪ್ಪು ಕಾಗದದ ಮೇಲೆ, ಇನ್ನೊಂದನ್ನು ಬಿಳಿಯ ಮೇಲೆ ಇಡಿ. ಕಪ್ಪಿನ ಮೇಲಿನ ಚೂರು ತಿಳಿಯಾಗಿ ಕಾಣುತ್ತದೆ. ಎರಡೂ ಒಂದೇ ಅಂದರೆ ಮಕ್ಕಳು ಸುತರಾಂ ಒಪ್ಪುವುದಿಲ್ಲ. ಜಗಳ ಆಗಲಿ, ನಡುವೆ ಬಾಯಿ ಹಾಕಬೇಡಿ. ಯಾರಾದರೊಬ್ಬರು ಎರಡು ಚೂರನ್ನೂ ಎತ್ತಿ ಪಕ್ಕಪಕ್ಕ ಇಟ್ಟು ನೋಡಿಯೇ ನೋಡುತ್ತಾರೆ.

ಇನ್ನು ತಿದ್ದುವ ವಿಚಾರ. ವಿದ್ಯಾರ್ಥಿಯ ಹಾಳೆಯ ಮೇಲೆ ನಿಮ್ಮ ಪೆನ್ಸಿಲ್ ಓಡಿಸಬೇಡಿ. ನಿಮ್ಮ ಗೆರೆ ಎಷ್ಟೇ ಚೆನ್ನಾಗಿರಲಿ, ಆ ಚಿತ್ರ ಆಮೇಲೆ ಆ ಹುಡುಗಿಯದ್ದಲ್ಲ. ತೋರಿಸಲೇಬೇಕಾದರೆ ಪಕ್ಕದಲ್ಲಿ ಒಂದು ರಫ್ ಹಾಳೆ ಇಟ್ಟುಕೊಳ್ಳಿ. ಸುಮ್ನೆ 'ಸೂಪರ್' ಅನ್ನುವುದೂ ಬೇಡ. 'ಈ ಕಾಲು ಆ ಕಾಲಿಗಿಂತ ಎಷ್ಟು ಕೆಳಗಿದೆ, ಪೆನ್ಸಿಲ್ ಹಿಡಿದು ಅಳೆದು ನೋಡು' ಅಂದರೆ ಮುಂದೇನು ಮಾಡಬೇಕು ಅಂತ ಗೊತ್ತಾಗುತ್ತದೆ, ಅಲ್ವಾ?

ಎಷ್ಟೋ ಕಡೆ ಅತಿಥಿ ಬಂದ ತಕ್ಷಣ ಅಲ್ಲಿನ ಡ್ರಾಯಿಂಗ್ ಮೇಷ್ಟ್ರು ಗೋಡೆ ಪಕ್ಕ ನಿಂತುಬಿಡುತ್ತಾರೆ. ಅವರ ಕೈಗೂ ಒಂದು ಹಾಳೆ ಕೊಡಿ. ನಾಳೆ ನೀವಿರುವುದಿಲ್ಲ. ಕುರ್ಚಿ ತೆಗೆದು ಒಂದು ಸೈಕಲ್ ನಿಲ್ಲಿಸಿ ಇದೇ ಪಾಠ ಮುಂದುವರಿಸಬೇಕಾದವರು ಅವರು. ಚಕ್ರದ ಕಡ್ಡಿಗಳನ್ನು ಸದ್ಯಕ್ಕೆ ಬಿಡಲಿ. ಸೈಕಲ್ಲಿನ ಮಿಕ್ಕ ಸಂದಿಗಳೇ ಬೇಕಾದಷ್ಟು ಸತಾಯಿಸುತ್ತವೆ.