ಕಾಫಿ ಕಣದಲ್ಲಿ ಒಂದು ಸುಣ್ಣದ ಗೆರೆ

ನಮಸ್ಕಾರ. ಇವತ್ತು ಕ್ಯಾಮೆರಾ ಇಟ್ಟಿರುವುದು ನಮ್ಮ ಮನೆಯ ಕಾಫಿ ಕಣದಲ್ಲಿ. ಸೋಮವಾರಪೇಟೆ ಹತ್ತಿರದ ಊರು ನಮ್ಮದು. ಮಾರ್ಚ್ ಕೊನೆ. ರೋಬಸ್ಟಾ ಒಣಗಿಸಿ, ಮೂಟೆ ಕಟ್ಟಿ ಕಳಿಸಿ ಆಯಿತು, ಕಣ ಖಾಲಿ. ಹೋದ ವಾರ ಹೂಮಳೆ ಬಂದಿತ್ತು. ಈಗ ತೋಟವೆಲ್ಲ ಬೆಳ್ಳಗಾಗಿದೆ. ಈ ವಾಸನೆಯನ್ನು ವಿಡಿಯೋದಲ್ಲಿ ಕಳಿಸೋಕೆ ಆಗಲ್ಲ, ಅಷ್ಟೇ ಬೇಜಾರು.

ಆ ತುದಿಯಲ್ಲಿ ಸಿಲ್ವರ್ ಮರಕ್ಕೆ ಹಲಗೆ ಹೊಡೆದು ಬಾಸ್ಕೆಟ್‌ಬಾಲ್ ರಿಂಗ್ ಹಾಕಿದ್ದಾರೆ ನೋಡಿ, ಅದು ಚಿಕ್ಕಪ್ಪನ ಕೆಲಸ. ನೆಲದಿಂದ ಸರಿಯಾಗಿ ಹತ್ತು ಅಡಿ. ಚಿಕ್ಕಪ್ಪನ ಮಗಳು ರಿಂಗಿನ ಕೆಳಗೆ ಹಗ್ಗದ ಒಂದು ತುದಿ ಹಿಡಿದು ಕೂತಿದ್ದಾಳೆ. ಇನ್ನೊಂದು ತುದಿ ನನ್ನ ಕೈಯಲ್ಲಿ. ಹಗ್ಗ 7.24 ಮೀಟರ್, ಅಂದರೆ 23 ಅಡಿ 9 ಇಂಚು. ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತ್ರೀ ಪಾಯಿಂಟ್ ಗೆರೆ ಇಷ್ಟು ದೂರ. ಗೆರೆಯ ಹೊರಗಿನಿಂದ ಹಾಕಿದರೆ ಮೂರು ಪಾಯಿಂಟ್, ಒಳಗಿನಿಂದ ಎರಡು. ಸುಣ್ಣದ ಡಬ್ಬ ಹಿಡಿದು ಗೆರೆ ಎಳೆಯುತ್ತಾ ಹೋಗುತ್ತೇನೆ, ಜೊತೆಗೆ ಮಾತಾಡೋಣ.

ಚಿಕ್ಕಪ್ಪ ತೊಂಬತ್ತರ ದಶಕದಲ್ಲಿ ಕಾಲೇಜು ಟೀಮಿನಲ್ಲಿ ಆಡಿದವರು. ಎತ್ತರ ಆರಡಿ ಮೂರು ಇಂಚು. ನಮ್ಮ ಕಡೆ ಅದು ಬಹಳ ಎತ್ತರ. ಹಾಗಾಗಿ ಮೊದಲ ದಿನವೇ ಅವರನ್ನು ಸೆಂಟರ್ ಮಾಡಿದರು. ರಿಂಗಿಗೆ ಬೆನ್ನು ಹಾಕಿ ನಿಲ್ಲು, ಬಾಲ್ ಬಂದರೆ ತಿರುಗಿ ಹಾಕು, ರೀಬೌಂಡ್, ಅಂದರೆ ಒಳಗೆ ಬೀಳದೆ ವಾಪಸ್ ಬಂದ ಬಾಲ್, ಹಿಡಿ. ಹೊರಗೆ ಬಂದು ದೂರದಿಂದ ಎಸೆದರೆ ಬೈಗುಳ. ಆ ಕಾಲಕ್ಕೆ ಅದು ತಪ್ಪೂ ಅಲ್ಲ. ಎಲ್ಲ ಕಡೆ ಹಾಗೇ ಆಡುತ್ತಿದ್ದರು, ಅಮೆರಿಕದಲ್ಲೂ.

ಈಗಿನ ದೊಡ್ಡ ಶೂಟರ್ ಸ್ಟೀಫನ್ ಕರ್ರಿ ಎಷ್ಟು ಎತ್ತರ ಗೊತ್ತಾ? ಆರಡಿ ಎರಡು ಇಂಚು. ಚಿಕ್ಕಪ್ಪನಿಗಿಂತ ಒಂದು ಇಂಚು ಗಿಡ್ಡ. ಮೊದಲ ಸಲ ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಆಟ ಹೇಗೆ ಬದಲಾಯಿತು ಅಂತ ಹುಡುಕಲು ಶುರು ಮಾಡಿದ್ದು ಆವತ್ತೇ.

1891ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಆಟ ಶುರು ಮಾಡಿದ ಕಥೆ ನಿಮಗೆ ಗೊತ್ತೇ ಇರುತ್ತದೆ. ನಾನು ಹೇಳಬೇಕಾದ್ದು 1950ರದು. ಆಗ ಮಿನಿಯಾಪೊಲಿಸ್ ಲೇಕರ್ಸ್ ತಂಡದಲ್ಲಿ ಜಾರ್ಜ್ ಮೈಕನ್ ಅಂತ ಆರಡಿ ಹತ್ತು ಇಂಚಿನ ಸೆಂಟರ್ ಇದ್ದರು. ಅವರನ್ನು ತಡೆಯುವುದು ಕಷ್ಟ. ಅದಕ್ಕೆ ಫೋರ್ಟ್ ವೇಯ್ನ್ ಪಿಸ್ಟನ್ಸ್ ಏನು ಮಾಡಿತು? ಬಾಲ್ ಹಿಡಿದುಕೊಂಡು ಸುಮ್ನೆ ನಿಂತಿತು. ಮ್ಯಾಚ್ ಮುಗಿದಾಗ ಸ್ಕೋರು 19-18. ಪೂರ್ತಿ ಮ್ಯಾಚಿನ ಸ್ಕೋರು ಅದು! ಟಿಕೆಟ್ ತಗೊಂಡು ಬಂದವರು ಏನು ನೋಡಬೇಕು ಹೇಳಿ?

ಉಪಾಯ ಕೊಟ್ಟಿದ್ದು ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್. ಲೆಕ್ಕ ಬಹಳ ಸರಳ. ಮ್ಯಾಚ್ 48 ನಿಮಿಷ, ಅಂದರೆ 2880 ಸೆಕೆಂಡು. ಚೆನ್ನಾಗಿ ನಡೆದ ಮ್ಯಾಚಿನಲ್ಲಿ ಎರಡೂ ತಂಡ ಸೇರಿ ಸುಮಾರು 120 ಶಾಟ್ ಹೊಡೆಯುತ್ತವೆ. ಭಾಗಿಸಿದರೆ 24. ಹೀಗೆ 1954ರಲ್ಲಿ 24 ಸೆಕೆಂಡಿನ ಶಾಟ್ ಕ್ಲಾಕ್ ಬಂತು, ಅಂದರೆ ಬಾಲ್ ಸಿಕ್ಕ ತಂಡ ಅಷ್ಟರೊಳಗೆ ರಿಂಗಿಗೆ ಎಸೆಯಲೇಬೇಕು. ಒಂದೇ ವರ್ಷದಲ್ಲಿ ತಂಡಗಳ ಸರಾಸರಿ ಸುಮಾರು 79ರಿಂದ 93ಕ್ಕೆ ಹೋಯಿತು. ಓಡುವವರಿಗೆ ಬೆಲೆ ಬಂತು. ರೀಬೌಂಡ್ ಹಿಡಿದ ತಕ್ಷಣ ಬಾಲ್ ಮುಂದೆ ಕಳಿಸುವ ಬಿಲ್ ರಸೆಲ್ ಬಂದರು, ಬೋಸ್ಟನ್ ಸೆಲ್ಟಿಕ್ಸ್‌ಗೆ 13 ಸೀಸನ್‌ನಲ್ಲಿ 11 ಕಪ್ ಬಂತು.

ಹಾಕಿ ನೋಡಿ ಬೆಳೆದ ನಮಗೆ ಕೊಡಗಿನವರಿಗೆ ಇದು ಬೇಗ ಅರ್ಥ ಆಗುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹುಲ್ಲು ಬಿಟ್ಟು ಕೃತಕ ಟರ್ಫ್ ಮೇಲೆ ಹಾಕಿ ಆಡಿಸಿದರು. ಅದೇ ಸ್ಟಿಕ್, ಅದೇ ಗೋಲು, ಆದರೆ ಆಟ ಬೇರೆ. ಹುಲ್ಲಿನ ಮೇಲೆ ಚೆಂಡನ್ನು ಮುದ್ದು ಮಾಡಿ ಒಯ್ಯುತ್ತಿದ್ದ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ನಮ್ಮಲ್ಲಿ ಹಳಬರು ಇವತ್ತಿಗೂ ಅದನ್ನು ನೋವಿನಿಂದ ಹೇಳುತ್ತಾರೆ. ಕಾಲ ಕೆಳಗಿನ ನೆಲ ಬದಲಾದರೆ ಆಟಗಾರ ಬದಲಾಗಲೇಬೇಕು.

ಬಾಸ್ಕೆಟ್‌ಬಾಲ್‌ನಲ್ಲಿ ಅಂಥ ಬದಲಾವಣೆ ತಂದದ್ದು ಈ ಗೆರೆ. ಎನ್‌ಬಿಎಗೆ ಬಂದಿದ್ದು 1979ರಲ್ಲಿ. ಆದರೆ ಮೊದಲಿಗೆ ಯಾರೂ ನಂಬಲಿಲ್ಲ. ಆ ಸೀಸನ್‌ನಲ್ಲಿ ಒಂದು ತಂಡ ಒಂದು ಮ್ಯಾಚಿನಲ್ಲಿ ಹೊರಗಿನಿಂದ ಎಸೆಯುತ್ತಿದ್ದದ್ದು ಸರಾಸರಿ ಮೂರೂ ಇಲ್ಲ. ಈಗ 35ಕ್ಕೂ ಜಾಸ್ತಿ.

ಯಾಕೆ ಅಂತ ಕಣದಲ್ಲೇ ಲೆಕ್ಕ ಹಾಕೋಣ. ಗೆರೆಯ ಒಂದು ಹೆಜ್ಜೆ ಒಳಗಿನಿಂದ ನೂರು ಸಲ ಎಸೆದು 40 ಹಾಕಿದರೆ 80 ಪಾಯಿಂಟ್. ಹೊರಗಿನಿಂದ 35 ಹಾಕಿದರೂ 105. ಒಂದು ಹೆಜ್ಜೆ ಹಿಂದೆ ಸರಿದಿದ್ದಕ್ಕೆ 25 ಪಾಯಿಂಟ್! ಇಷ್ಟು ಸಣ್ಣ ಲೆಕ್ಕ ಎಲ್ಲರ ತಲೆಗೆ ಹತ್ತಲು ಮೂವತ್ತು ವರ್ಷ ಬೇಕಾಯಿತು.

ನಿಯಮಗಳೂ ದಾರಿ ಮಾಡಿಕೊಟ್ಟವು. 2001ರಲ್ಲಿ ಝೋನ್ ಡಿಫೆನ್ಸ್‌ಗೆ, ಅಂದರೆ ಒಬ್ಬೊಬ್ಬ ಆಟಗಾರನ ಬದಲು ಜಾಗವನ್ನು ಕಾಯುವುದಕ್ಕೆ, ಒಪ್ಪಿಗೆ ಸಿಕ್ಕಿತು. 2004ರಿಂದ ಹೊರಗಡೆ ಬಾಲ್ ಹಿಡಿದವನನ್ನು ಕೈಯಿಂದ ತಡೆಯುವುದಕ್ಕೆ ಬಿಗಿಯಾಗಿ ಫೌಲ್ ಕೊಡಲು ಶುರು ಮಾಡಿದರು. ಸ್ಟೀವ್ ನ್ಯಾಶ್ ಇದ್ದ ಫೀನಿಕ್ಸ್ ಸನ್ಸ್ ಏಳು ಸೆಕೆಂಡಿನೊಳಗೆ ಶಾಟ್ ಹುಡುಕುವ ಆಟ ತೋರಿಸಿತು. ಆಮೇಲೆ ಕರ್ರಿ. 2015-16ರಲ್ಲಿ ಒಂದೇ ಸೀಸನ್‌ಗೆ 402 ತ್ರೀ. ಹಿಂದಿನ ದಾಖಲೆಯೂ ಕರ್ರಿಯದೇ, 286.

ಆದರೆ ನನ್ನ ಮನಸ್ಸು ನಿಂತಿದ್ದು ಕರ್ರಿ ಹತ್ತಿರ ಅಲ್ಲ. ಬ್ರೂಕ್ ಲೋಪೆಜ್ ಹತ್ತಿರ. ಏಳಡಿಯ ಸೆಂಟರ್. ಮೊದಲ ಎಂಟು ಸೀಸನ್‌ನಲ್ಲಿ ಹಾಕಿದ ತ್ರೀ ಒಟ್ಟು ಮೂರು. ಒಂಬತ್ತನೆಯ ಸೀಸನ್ ಒಂದರಲ್ಲೇ 134! ಆ ಕೈ ಅವರಿಗೆ ಮೊದಲೂ ಇತ್ತು ಅಲ್ವಾ? ಹೊರಗೆ ಬಾ ಅಂತ ಹೇಳುವವರು ಬೇಕಿತ್ತು ಅಷ್ಟೇ. ಈಗ ನಿಕೊಲಾ ಯೋಕಿಚ್ ಆಡುವುದನ್ನು ನೋಡಿ. ಆರಡಿ ಹನ್ನೊಂದು ಇಂಚಿನ ಸೆಂಟರ್, ತಂಡದ ಪಾಸ್ ಎಲ್ಲ ಅವರ ಕೈಯಿಂದಲೇ. ನಮ್ಮಲ್ಲಿ ಆ ಮ್ಯಾಚ್‌ಗಳು ಬೆಳಗಿನ ಹೊತ್ತು ಬರುತ್ತವೆ. ಚಿಕ್ಕಪ್ಪ ಕಾಫಿ ಲೋಟ ಹಿಡಿದು ಕೂತವರು ಕುಡಿಯುವುದನ್ನೇ ಮರೆಯುತ್ತಾರೆ.

ಎಲ್ಲರೂ ತ್ರೀ ಹೊಡೆಯುತ್ತಾರೆ, ಬೋರು ಅನ್ನುವವರಿದ್ದಾರೆ. 2018ರ ಪ್ಲೇಆಫ್ ಏಳನೆಯ ಮ್ಯಾಚಿನಲ್ಲಿ ಹ್ಯೂಸ್ಟನ್ ತಂಡ ಸತತ 27 ತ್ರೀ ತಪ್ಪಿಸಿತು. ಅದನ್ನು ನೋಡುವುದು ನನಗೂ ಕಷ್ಟವಾಯಿತು. ಮೈಕಲ್ ಜೋರ್ಡನ್ ಗೆರೆಯ ಒಳಗೆ ಹಿಂದಕ್ಕೆ ಬಾಗಿ ಹಾರಿ ಎಸೆಯುತ್ತಿದ್ದ ಶಾಟ್ ನನಗೆ ಈಗಲೂ ಬೇಕು. ಆದರೂ ಎತ್ತರದ ಹುಡುಗನನ್ನು ರಿಂಗಿನ ಕೆಳಗೆ ಕಟ್ಟಿಹಾಕುವ ಕಾಲ ಮಾತ್ರ ವಾಪಸ್ ಬರುವುದು ಬೇಡ.

ಇಲ್ಲಿ ಒಂದು ತೊಂದರೆ ಬಂತು ನೋಡಿ. ಎಡಗಡೆ ಕಣ ಮುಗಿದು ಚರಂಡಿ ಬಂದುಬಿಟ್ಟಿತು. ಎನ್‌ಬಿಎ ಕೋರ್ಟಿನಲ್ಲೂ ಇದೇ ತೊಂದರೆ. ಅಗಲ 50 ಅಡಿ, ಅರ್ಧ 25. ಗೆರೆಯನ್ನು ಹೀಗೇ ಬಗ್ಗಿಸಿಕೊಂಡು ಬಂದರೆ ಪಕ್ಕದಲ್ಲಿ ಉಳಿಯುವುದು 15 ಇಂಚು. ಕಾಲಿಡಲೂ ಜಾಗ ಇಲ್ಲ. ಅದಕ್ಕೇ ಮೂಲೆಯಲ್ಲಿ ಗೆರೆಯನ್ನು ನೆಟ್ಟಗೆ ಮಾಡಿ 22 ಅಡಿಗೆ ತಂದಿದ್ದಾರೆ. ದೂರ ಕಡಿಮೆ, ಪಾಯಿಂಟ್ ಮೂರೇ. ಈಗಿನ ತಂಡಗಳು ಮೂಲೆಯಲ್ಲಿ ಒಬ್ಬರನ್ನು ನಿಲ್ಲಿಸುವುದು ಅದಕ್ಕೇ.

"ಅಪ್ಪಾ, ಮೂಲೆಗೆ ನೀನು ಬಾ," ಅಂತ ಚಿಕ್ಕಪ್ಪನ ಮಗಳು ಕರೆದಳು. ಅವಳಿಗೆ ಹದಿನಾಲ್ಕು. ಆಗಲೇ ಐದಡಿ ಒಂಬತ್ತು ಇಂಚು. ಶಾಲೆಯಲ್ಲಿ ಹೊರಗಿನಿಂದಲೇ ಎಸೆಯುತ್ತಾಳೆ, ಯಾರೂ ಬೈಯುವುದಿಲ್ಲ.

ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಹಿಮ್ಮಡಿ ಚರಂಡಿಯ ಅಂಚಿಗೆ. ಮೊದಲನೆಯದು ಮರಕ್ಕೆ ಬಡಿಯಿತು. ಎರಡನೆಯದು ರಿಂಗ್ ಸುತ್ತಿ ಹೊರಗೆ ಬಂತು. ಮೂರನೆಯದು ಹಲಗೆಯನ್ನೂ ಮುಟ್ಟದೆ ಸೀದಾ ಒಳಗೆ. ನಾಲ್ಕನೆಯದು ರಿಂಗಿನ ಮೇಲಿಂದ ಹಾರಿ ತೋಟಕ್ಕೆ ಬಿತ್ತು.

"ಹೂವು ಉದುರಿಸಬೇಡ್ರೋ!" ಜಗಲಿಯಿಂದ ಅಜ್ಜಿಯ ಕೂಗು. ಅಜ್ಜಿ ಹೇಳಿದ್ದು ಸರಿ, ಈ ವಾರ ಗಿಡ ಅಲ್ಲಾಡಿಸಿದರೆ ಮುಂದಿನ ಫಸಲಿಗೆ ಪೆಟ್ಟು. ಚಿಕ್ಕಪ್ಪ ಗೋಡೌನಿನಿಂದ ನರ್ಸರಿಯ ಹಸಿರು ನೆಟ್ ತಂದು ರಿಂಗಿನ ಹಿಂದೆ ಮರದಿಂದ ಮರಕ್ಕೆ ಕಟ್ಟಿದರು. ಆಮೇಲೆ ಕೈ ಒರೆಸಿಕೊಂಡು ಮತ್ತೆ ಮೂಲೆಗೆ ಹೋಗಿ ನಿಂತರು.